ಕುಡಿಯದ ಕುಡುಕನ ನರ್ಸಮ್ಮ

ನನ್ನ ಹೆಂಡತಿ ಭಾನುಪ್ರಿಯಾ ಊಟಕ್ಕೆ ಕೂತಾಗ ಅವಳ ಫೋನ್ ಬಡಿದುಕೊಂಡರೆ ನಾನು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತೇನೆ. “ಮೂತ್ರ ಸಲೀಸಾಗಿ ಹೋಗ್ತಿದ್ಯಾ? ತಡ್ಕೊಳ್ಳೋಕೆ ಆಗ್ತಿದ್ಯಾ? ಬಟ್ಟೆ ಒದ್ದೆ ಆದ್ರೂ ನಾಚ್ಕೋಬೇಡಿ, ಹೇಳಿ” ಎಂದು ಅವಳು ಎದುರಿಗೆ ಕೂತು ಕೇಳುತ್ತಿರುವಾಗ ಬಾಯಿಗಿಟ್ಟ ಮುದ್ದೆ ಒಳಗಿಳಿಯುವುದಿಲ್ಲ. ಒಮ್ಮೆ ನನ್ನ ಅಕ್ಕ ಭಾವ ಹಬ್ಬಕ್ಕೆ ಬಂದಿದ್ದಾಗ ಒಬ್ಬಟ್ಟಿನ ಮುಂದೆಯೇ ಈ ವಿಚಾರಣೆ ನಡೆಯಿತು. ಅಂದಿನಿಂದ ಭಾವ ನಮ್ಮ ಮನೆಯಲ್ಲಿ ಕಾಫಿ ಮಾತ್ರ ಕುಡಿಯುತ್ತಾರೆ.

ನಾವಿರುವುದು ದೊಡ್ಡಬಳ್ಳಾಪುರದಲ್ಲಿ. ನನ್ನ ಹೆಸರು ವೇಣುಗೋಪಾಲ್, ಪವರ್‌ಲೂಮ್ ಮಗ್ಗಗಳ ರಿಪೇರಿ ನನ್ನ ಕಸುಬು. ಭಾನು ಸಾಸಲು ಕಡೆಯ ರೈತರ ಮನೆಯ ಹೆಣ್ಣು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಬರೀ ನರ್ಸ್ ಎಂದರೆ ಅವಳಿಗೆ ಕೋಪ. ಎಂ.ಎಸ್. ನರ್ಸ್ ಎನ್ನಬೇಕು. ಎಂ.ಎಸ್. ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ತಲೆಕೆಟ್ಟು, ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ತಿಂದುಹಾಕುವ ಕಾಯಿಲೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದುಹೋದರೆ ಮಗ್ಗ ಒಮ್ಮೆ ಓಡಿ ಒಮ್ಮೆ ನಿಲ್ಲುವುದನ್ನು ನಾನು ದಿನಾ ನೋಡುತ್ತೇನೆ. ಇದೂ ಹಾಗೆಯೇ. ಇವತ್ತು ಕಣ್ಣು ಮಂಜು, ನಾಳೆ ಕಾಲು ಜೋಮು, ನಾಡಿದ್ದು ಏನೂ ಆಗಿಲ್ಲವೇನೋ ಎಂಬಂತೆ ಓಡಾಟ. ಬಿಸಿಲು ಏರಿದರೆ, ಮೈಮೇಲೆ ಬಿಸಿನೀರು ಬಿದ್ದರೆ ಹೆಚ್ಚಾಗುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಔಷಧಿ ತಪ್ಪಿಸದಿದ್ದರೆ ಬಹಳ ಮಟ್ಟಿಗೆ ಹಿಡಿದಿಡಬಹುದು.

ಡಾಕ್ಟರು ಕಾಯಿಲೆಯ ಹೆಸರು ಹೇಳಿ ಔಷಧಿ ಬರೆದುಕೊಡುತ್ತಾರೆ. ಮನೆಗೆ ಹೋಗಿ ಏನು ಹೇಳಬೇಕು, ಕೆಲಸ ಬಿಡಬೇಕಾ, ಮಕ್ಕಳಾಗುತ್ತವಾ, ಸೂಜಿ ಎಲ್ಲಿ ಚುಚ್ಚಿಕೊಳ್ಳಬೇಕು, ಸುಮ್ಮಸುಮ್ಮನೆ ಅಳು ಬಂದರೆ ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಭಾನುವಿನ ಪಾಲಿಗೆ. ಅವಳಿಗೆ ಇದರಲ್ಲಿ ಎಂಥ ಹುಚ್ಚು ಎಂದರೆ, ನೆಂಟರ ಮದುವೆಗೆ ಹೋದರೂ ಸೀರೆ ನೋಡುವುದು ಬಿಟ್ಟು ಯಾರು ಹೇಗೆ ಕಾಲು ಎತ್ತಿಡುತ್ತಾರೆ ಎಂದು ನೋಡುತ್ತಿರುತ್ತಾಳೆ.

ಈಗ ಹೇಳಹೊರಟಿರುವುದು ಬೈರೇಶನ ವಿಷಯ. “ಬರೀರಿ ಅಣ್ಣ, ಇನ್ನೇನ್ ಮುಚ್ಚಿಡೋದು” ಎಂದು ಅವನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಊರಿನ ಹೆಸರು ಮಾತ್ರ ಬೇಡ. ಬರೆದರೆ ಊರಿನವರು ನೇರ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ.

ಬೈರೇಶ ಆ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಅಪ್ಪ ಇಲ್ಲ. ಮನೆಯಲ್ಲಿ ತಾಯಿ ಮುನಿಲಕ್ಷ್ಮಮ್ಮ, ಮದುವೆಗೆ ಬಂದ ತಂಗಿ ನವ್ಯಶ್ರೀ. ಯಾರ ಕ್ಯಾನಿಗೆ ನೀರು ಬಿದ್ದಿದೆ ಎಂದು ಮುಖ ನೋಡದೆ ಹೇಳಿಬಿಡುವವನಾದ್ದರಿಂದ ಊರಿಗೆ ಅವನ ಮೇಲೆ ಪ್ರೀತಿಗಿಂತ ಭಯ ಜಾಸ್ತಿ. ಒಂದು ಬೇಸಿಗೆಯ ಮಧ್ಯಾಹ್ನ ಅಂಗಡಿಯ ಮುಂದೆ ಅವನ ಕಾಲು ಒಂದಕ್ಕೊಂದು ತೊಡರಿ ಬಿದ್ದುಬಿಟ್ಟ. ಎದ್ದು ಏನೋ ಹೇಳಲು ಹೋದರೆ ನಾಲಿಗೆ ತೊದಲಿತು. ಅಂಗಡಿಯ ಜಗಲಿಯಲ್ಲಿ ಕೂತವರು ಒಕ್ಕೊರಲಿನಿಂದ ತೀರ್ಪು ಕೊಟ್ಟರು: “ಹಾಕ್ಕೊಂಡವ್ನೆ.”

ಬೈರೇಶ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಡೈರಿಯ ಟ್ರೇನಿಂಗ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಬೆಂಗಳೂರಿಗೆ ಹೋಗಿ ಭಾನುವಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡ. ಕಾಯಿಲೆ ಎಂ.ಎಸ್. ಎಂದು ಗೊತ್ತಾಯಿತು. ಭಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಕೇಳಿದ್ದು ಒಂದೇ ಪ್ರಶ್ನೆ.

“ಇದು ವಂಶದಲ್ಲಿ ಬರೋದಾ ಮೇಡಂ?”

“ಹಾಗೆ ಅಪ್ಪ ಅಮ್ಮನಿಂದ ಮಕ್ಕಳಿಗೆ ನೇರವಾಗಿ ಬರೋದಲ್ಲ ಬೈರೇಶ್. ನಿಮ್ಮ ತಂಗಿ ವಿಷಯ ಯೋಚನೆ ಮಾಡ್ತಿದ್ರೆ, ಅವರಿಗೆ ಬರೋದು ತೀರಾ ಅಪರೂಪ.”

“ನೀವು ಹೇಳ್ತೀರ. ಹೆಣ್ಣು ನೋಡೋಕ್ ಬರೋರು ನಿಮ್ಮನ್ನ ಕೇಳ್ಕೊಂಡು ಬರ್ತಾರಾ?” ಆಮೇಲೆ ತನ್ನ ತೀರ್ಮಾನ ಹೇಳಿದ. “ಕುಡುಕನ ತಂಗೀಗೆ ಗಂಡು ಸಿಗ್ತದೆ ಮೇಡಂ. ಕೈಕಾಲು ಬಿದ್ದೋಗೋ ಮನೆ ಹೆಣ್ಣಿಗೆ ಸಿಗಾಕಿಲ್ಲ. ಊರೋರೇ ಕುಡುಕ ಅಂತ ಹೆಸರಿಟ್ಟವ್ರೆ. ನವ್ಯನ ಮದ್ವೆ ಆಗೋಗಂಟ ನಾನು ಕುಡುಕನೇ.”

ಭಾನು ವಾದಿಸಿದಳು, ಬೈದಳು, ತಾಯಿಗಾದರೂ ಹೇಳು ಎಂದಳು. ಅವನು ಜಗ್ಗಲಿಲ್ಲ. ಕೊನೆಗೆ, “ನಿಮ್ಮ ಕಾಯಿಲೆ ನಿಮ್ಮದು. ನೀವು ಹೇಳೋವರೆಗೂ ನನ್ನ ಬಾಯಿಂದ ಹೊರಗೆ ಬರಲ್ಲ. ಔಷಧಿ ಮಾತ್ರ ಒಂದು ವಾರನೂ ತಪ್ಪಿಸೋ ಹಾಗಿಲ್ಲ” ಎಂದು ಒಪ್ಪಂದ ಮಾಡಿಕೊಂಡಳು. ಆ ಒಪ್ಪಂದ ಅವಳನ್ನು ಯಾವ ಗತಿಗೆ ತಂದಿತು ಎಂಬುದೇ ಮುಂದಿನ ಕಥೆ.

ಕುಡಿಯದೆ ಕುಡುಕನಾಗಿರುವುದು ಸುಲಭದ ಕೆಲಸವಲ್ಲ. ಬೈರೇಶ ಕ್ವಾರ್ಟರ್ ಬಾಟ್ಲಿಯಲ್ಲಿ ಟೀ ಡಿಕಾಕ್ಷನ್ ತುಂಬಿ ಜೇಬಿನಿಂದ ಕತ್ತು ಕಾಣುವಂತೆ ಇಟ್ಟುಕೊಂಡ. ಊರಿನ ಅಸಲಿ ಕುಡುಕ ಹನುಮಂತರಾಯಪ್ಪನ ಜೊತೆ ಹೊಸಕೋಟೆಯ ಬಾರಿಗೆ ಹೋಗಿ, ನಾಲ್ಕು ಜನ ನೋಡುವಂತೆ ಕಿಟಕಿ ಪಕ್ಕ ಕೂತು ಬರತೊಡಗಿದ. ಇಷ್ಟಾದರೂ ಬೆಳಿಗ್ಗೆ ಹಾಲು ಪರೀಕ್ಷೆಯಲ್ಲಿ ಒಂದು ತಪ್ಪಿಲ್ಲ. ತಂಪು ಹೊತ್ತಿನಲ್ಲಿ ಅವನ ಕೈ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. “ಕುಡುಕನಾದ್ರೂ ಡ್ಯೂಟಿ ಟೈಮಲ್ಲಿ ಮುಟ್ಟಲ್ಲ” ಎಂದು ಡೈರಿ ಅಧ್ಯಕ್ಷ ದೇವೇಂದ್ರ ಸಭೆಯಲ್ಲಿ ಹೊಗಳಿದ.

ಮುನಿಲಕ್ಷ್ಮಮ್ಮ ಮಾತ್ರ ಸುಮ್ಮನಿರಲಿಲ್ಲ. ಮಗ ತೂರಾಡುತ್ತಾ ಬಂದರೆ ಬಚ್ಚಲಿಗೆ ನೂಕಿ, ಅಮಲು ಇಳಿಯಲಿ ಎಂದು ಹಂಡೆಯ ಸುಡು ಸುಡು ನೀರು ಸುರಿಯುತ್ತಿದ್ದಳು. ಬಿಸಿನೀರು ಬಿದ್ದರೆ ಈ ಕಾಯಿಲೆಯವರ ಕಾಲು ಇನ್ನೂ ಸೋಲುತ್ತದೆ. ನಡೆದುಕೊಂಡು ಬಚ್ಚಲಿಗೆ ಹೋದ ಮಗ ತೆವಳಿಕೊಂಡು ಆಚೆ ಬರುತ್ತಿದ್ದ. ತಾಯಿ ಇದರಿಂದ ತೆಗೆದ ಅರ್ಥ, ಇವನು ಬಚ್ಚಲಲ್ಲೇ ಬಾಟ್ಲಿ ಬಚ್ಚಿಟ್ಟು ಕುಡಿಯುತ್ತಾನೆ ಎಂಬುದು. ಹೆಂಚು ತೆಗೆಸಿ ಹುಡುಕಿಸಿದಳು. ಒಲೆಯ ಬೂದಿ ಕೆದಕಿದಳು. ಸಿಗದಿದ್ದಾಗ, “ಎಂಥ ಕಳ್ಳ ಕುಡುಕನ್ನ ಹೆತ್ತೆನವ್ವಾ” ಎಂದು ಎದೆ ಬಡಿದುಕೊಂಡಳು.

ಔಷಧಿ ವಾರಕ್ಕೊಂದು ಇಂಜೆಕ್ಷನ್. ಅದನ್ನು ತಣ್ಣಗೆ ಇಡಬೇಕು. ಮನೆಯ ಫ್ರಿಜ್ಜಿನಲ್ಲಿಟ್ಟರೆ ತಾಯಿ ನೋಡುತ್ತಾಳೆ. ಹಾಗಾಗಿ ಭಾನು ತನ್ನ ರಜೆಯ ದಿನ, ಅಂದರೆ ಭಾನುವಾರ, ಐಸ್ ತುಂಬಿದ ನೀಲಿ ಪೆಟ್ಟಿಗೆಯಲ್ಲಿ ಅದನ್ನಿಟ್ಟುಕೊಂಡು ಹೋಗುತ್ತಿದ್ದಳು. ಕರೆದುಕೊಂಡು ಹೋಗುವವನು ನಾನು, ನನ್ನ ಹಳೆಯ ಓಮ್ನಿಯಲ್ಲಿ. ಹಾಲು ಹಾಕುವವರು ಹೋದ ಮೇಲೆ ಡೈರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಹೊರಗೆ ಗಾಡಿಯಲ್ಲಿ ಕೂತು ಕಾಯಬೇಕು. ಏನು ಎತ್ತ ಎಂದು ಕೇಳಿದರೆ, “ರೀ, ಅವರ ವಿಷಯ ಅವರದು. ನಿಮಗ್ಯಾಕೆ?” ಎನ್ನುತ್ತಿದ್ದಳು. ಡೀಸೆಂಟಾಗಿ ಬದುಕಿದ ಗಂಡಸು ಪರ ಊರಿನಲ್ಲಿ ಹೆಂಡತಿಯನ್ನು ಒಳಗೆ ಕಳಿಸಿ, ಮುಚ್ಚಿದ ಬಾಗಿಲಿನ ಮುಂದೆ ಕಡ್ಲೆಕಾಯಿ ತಿನ್ನುತ್ತಾ ಕೂರುವುದು ಎಷ್ಟು ಮುಜುಗರದ ಕೆಲಸವೆಂದು ಅನುಭವಿಸಿದವನಿಗೇ ಗೊತ್ತು.

ಊರು ತನ್ನ ಪಾಡಿಗೆ ತಾನು ಲೆಕ್ಕ ಹಾಕಿತು. ಐಸ್ ಪೆಟ್ಟಿಗೆ ಬರುತ್ತದೆ. ಬಾಗಿಲು ಮುಚ್ಚುತ್ತದೆ. ಸಂಜೆ ಬೈರೇಶನಿಗೆ ಚಳಿ, ಜ್ವರ, ತಲೆನೋವು. ಇಂಜೆಕ್ಷನ್ ಆದ ಮೇಲೆ ಹಾಗಾಗುವುದು ಮಾಮೂಲು, ಆದರೆ ಊರಿಗೆ ಹ್ಯಾಂಗೋವರ್ ಎಂಬ ಪದ ಗೊತ್ತಿತ್ತು. ಒಂದು ಭಾನುವಾರ ಒಬ್ಬ ಯಜಮಾನರು ನನ್ನ ಗಾಡಿಯ ಕಿಟಕಿಗೆ ಬಗ್ಗಿ, “ಅಣ್ಣಾ, ತಣ್ಣಗಿರೋದು ಒಂದು ಸಿಗ್ತದಾ?” ಎಂದು ಪಿಸುಗುಟ್ಟಿದಾಗಲೇ ನನಗೆ ಹೊಳೆದದ್ದು. ನಾವಿಬ್ಬರೂ ಆ ಊರಿಗೆ ಬಿಯರ್ ಮಾರುವವರು.

ನಾನು ಮನೆಗೆ ಬಂದು ಕೂಗಾಡಿದೆ. ಭಾನು ನಗಲಿಲ್ಲ, ಅಳಲಿಲ್ಲ. “ಬಿಯರ್ ಅಂದ್ಕೊಂಡ್ರೆ ಒಳ್ಳೇದೇ ಆಯ್ತು ಬಿಡಿ, ಯಾರೂ ಕೇಳೋಕೆ ಬರಲ್ಲ” ಎಂದಳು. ಮುನಿಲಕ್ಷ್ಮಮ್ಮ ಮುಂದಿನ ವಾರವೇ ಡೈರಿಯ ಬಾಗಿಲಿಗೆ ಕೇಳಲು ಬಂದಳು. ಯಾವುದೋ ಊರಿನಿಂದ ತಂದ ಕುಡಿತ ಬಿಡಿಸುವ ಪುಡಿಯನ್ನು ಆಕೆ ಮಗನ ಸಾರಿಗೆ ಬೆರೆಸುತ್ತಿದ್ದಳಂತೆ. ಬೈರೇಶನಿಗೆ ವಾಂತಿ ನಿಲ್ಲುತ್ತಿರಲಿಲ್ಲ. ಭಾನು, “ಅಮ್ಮಾ, ದಯವಿಟ್ಟು ಆ ಪುಡಿ ನಿಲ್ಲಿಸಿ, ಏನಿರುತ್ತೋ ಅದರಲ್ಲಿ” ಎಂದಾಗ ಮುನಿಲಕ್ಷ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ನೀನು ಬಾಟ್ಲಿ ತರೋದು ನಿಲ್ಸು ತಾಯಿ, ನಾನು ಪುಡಿ ಹಾಕೋದು ನಿಲ್ಲಿಸ್ತೀನಿ. ನಿಂಗೂ ಒಬ್ಬ ಮಗ ಇದ್ದಿದ್ರೆ ಗೊತ್ತಾಗೋದು.”

ನಮಗೆ ಮಕ್ಕಳಿಲ್ಲ. ಭಾನು ಪೆಟ್ಟಿಗೆ ಎತ್ತಿಕೊಂಡು ಗಾಡಿ ಹತ್ತಿದಳು. ಆ ಮುದುಕಿಯ ಮೇಲೆ ನನಗೆ ಬಂದ ಕೋಪವನ್ನು ಈಗಲೂ ಪೂರ್ತಿ ಬಿಟ್ಟಿಲ್ಲ.

ಇಷ್ಟರಲ್ಲಿ ನವ್ಯಶ್ರೀಗೆ ಗಂಡು ಗೊತ್ತಾಯಿತು. ದೇವನಹಳ್ಳಿ ಬಳಿಯ ನಲ್ಲೂರಿನವರು. ಹುಡುಗನ ಅಪ್ಪ ಅಪ್ಪಯ್ಯಣ್ಣ ಊರಲ್ಲಿ ದೊಡ್ಡ ಮನುಷ್ಯ. ಹೆಣ್ಣಿನ ಅಣ್ಣ ಕುಡಿಯುತ್ತಾನೆ ಎಂದು ಗೊತ್ತಾದಾಗ ಅವರು, “ಕುಡೀಲಿ ಬಿಡ್ರಪ್ಪ, ನಾವು ಹೆಣ್ಣನ್ನ ತಾನೇ ಕರ್ಕೊಂಡು ಹೋಗೋದು” ಎಂದರಂತೆ. ಬೈರೇಶ ಗೆದ್ದ ಖುಷಿಯಲ್ಲಿ ಭಾನುವಿಗೆ ಫೋನ್ ಮಾಡಿ ಹೇಳಿದ. ಆದರೆ ಮುನಿಲಕ್ಷ್ಮಮ್ಮನಿಗೆ ಬೀಗರ ಮುಂದೆ ಅವಮಾನವಾಗಿತ್ತು. ಮದುವೆಗೆ ಮುಂಚೆ ಮಗನ ಚಟ ಬಿಡಿಸಿಯೇ ಸಿದ್ಧ ಎಂದು ಅವನನ್ನು ಊರ ಮಾರಮ್ಮನ ಗುಡಿಗೆ ಎಳೆದುಕೊಂಡು ಹೋದಳು. ಊರೆಲ್ಲ ನೋಡುತ್ತಿರುವಾಗ, ಕುಡಿಯದ ಬೈರೇಶ ಕರ್ಪೂರ ಹಚ್ಚಿ, ಅಂಗೈಯಿಂದ ಆರಿಸಿ, ಇನ್ನು ಮೇಲೆ ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ಮಾಡದೇ ಬೇರೆ ದಾರಿ ಇರಲಿಲ್ಲ.

ಆಣೆಯ ಮರುದಿನವೇ ಬಿಸಿಲಿಗೆ ಮತ್ತೆ ತೂರಾಡಿದ. ಮೊದಲು ಬರೀ ಕುಡುಕನಾಗಿದ್ದವನು ಈಗ ದೇವರಿಗೆ ದ್ರೋಹ ಬಗೆದ ಕುಡುಕನಾದ. ಅದೇ ವಾರ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ದೇವೇಂದ್ರನ ಹಸು ಕರು ಹಾಕದೆ ಕಂದು ಹಾಕಿತು. ಯಾರದೋ ಬೋರ್‌ವೆಲ್ ಮೋಟರು ಹಗ್ಗ ಹರಿದು ಒಳಗೆ ಬಿತ್ತು. ಎಲ್ಲದಕ್ಕೂ ಕಾರಣ ಬೈರೇಶನ ಕಾಲು. ಮುಂದಿನ ಭಾನುವಾರ ನಾವು ಹೋದಾಗ ಅರಳಿಕಟ್ಟೆಯ ಮುಂದೆ ಪಂಚಾಯ್ತಿ ಸೇರಿತ್ತು. ನಮ್ಮ ಗಾಡಿಯನ್ನು ಅಡ್ಡಹಾಕಿ ನಿಲ್ಲಿಸಿದರು.

ಬೈರೇಶ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕ, ಲಗ್ನದ ಮಾತುಕತೆಗೆಂದು ಬಂದು ಸಿಕ್ಕಿಬಿದ್ದ ಅಪ್ಪಯ್ಯಣ್ಣ ಗರಿಗರಿ ಬಿಳಿ ಬಟ್ಟೆಯಲ್ಲಿ ಕೂತಿದ್ದರು. ದೇವೇಂದ್ರ ನಮ್ಮ ಕಡೆ ಬೆರಳು ತೋರಿಸಿದ.

“ಆಣೆ ಮಾಡಿದೋನ್ಗೆ ತಂದು ಕೊಡೋರು ಇವ್ರೇ. ಏನಮ್ಮಾ, ಪೆಟ್ಟಿಗೆ ತೆಗಿ. ಊರ್ ಮುಂದೆ ತೆಗಿ.”

ಭಾನು ಗಾಡಿಯಿಂದ ಇಳಿದಳು. ಪೆಟ್ಟಿಗೆಯನ್ನು ಅರಳಿಮರದ ನೆರಳಿಗೆ ಒಯ್ದು ಇಟ್ಟಳು. ತೆಗೆಯುತ್ತಾಳೆ ಎಂದು ಎಲ್ಲರೂ ಬಗ್ಗಿದರು. ಅವಳು ಸೀರೆ ಸರಿಮಾಡಿಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

“ಇದರಲ್ಲಿರೋದು ಬೈರೇಶ್ ಅವರದ್ದು. ಅವರು ತೆಗೀರಿ ಅಂದ್ರೆ ತೆಗೀತೀನಿ. ಬೇರೆ ಯಾರು ಹೇಳಿದ್ರೂ ಏಳಲ್ಲ.”

ಬೇಡಿದರು, ಬೈದರು. ಹೆಂಗಸರು ನಾಲ್ಕು ಜನ ಬಂದು ರಟ್ಟೆ ಹಿಡಿದು ಎಳೆದರು. ಸಾಸಲಿನ ರಾಗಿ ಮುದ್ದೆ ತಿಂದು ಬೆಳೆದ ಮೈ, ಅಲ್ಲಾಡಲಿಲ್ಲ. ಪೊಲೀಸಿಗೆ ಹೇಳುತ್ತೇನೆ ಎಂದ ದೇವೇಂದ್ರ. “ಹೇಳಿ” ಎಂದಳು. ಪೆಟ್ಟಿಗೆಯ ಸಂದಿಯಿಂದ ಕರಗಿದ ಐಸು ಸಣ್ಣಗೆ ಹರಿಯಿತು. ಒಬ್ಬರು ಬೆರಳಿಗೆ ತಾಗಿಸಿ ಮೂಸಿ, “ನೀರು ಕಣ್ರಪ್ಪ” ಎಂದರು. ಅದು ವಾಸನೆ ಬಾರದ ಹೊಸ ಸರಕು ಇರಬೇಕು ಎಂದು ಇನ್ನೊಬ್ಬರು ವಿವರಿಸಿದರು. ಇದರ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಮುಖ ಕಲ್ಲಿನಂತೆ ಇದ್ದರೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದದ್ದು ನನಗೆ ಮಾತ್ರ ಕಾಣುತ್ತಿತ್ತು. ನನ್ನ ಹೆಂಡತಿ ಹೆದರಿದ್ದಳು. ಆದರೂ ಏಳಲಿಲ್ಲ.

“ಸೂಳೆಗಾರಿಕೆ ಬೇರೆ ಇರ್ಬೇಕು, ಬಾಗ್ಲು ಹಾಕ್ಕೊಂಡು” ಎಂದು ಹಿಂದಿನಿಂದ ಯಾರೋ ಅಂದರು.

ಬೈರೇಶ ಆಗ ತಲೆ ಎತ್ತಿದ. “ಯಾವನ್ಲಾ ಅವ್ನು?” ಎಂದು ಕಟ್ಟೆಯಿಂದ ಕೆಳಕ್ಕೆ ಧುಮುಕಿದ. ನೆತ್ತಿಯ ಬಿಸಿಲು, ಒಳಗಿನ ಸಿಟ್ಟು ಎರಡೂ ಸೇರಿ ಕಾಲು ಕೈಕೊಟ್ಟು ದೊಪ್ಪನೆ ಬಿದ್ದ. “ನೋಡಿ, ನೋಡಿ, ಹಾಡಹಗಲೇ!” ಎಂದು ಊರು ಕೂಗಿತು. ಬಿದ್ದಲ್ಲಿಂದಲೇ ಅವನು ಹೇಳಿದ.

“ನಾನು ಕುಡ್ದಿಲ್ಲ. ಯಾವತ್ತೂ ಕುಡ್ದಿಲ್ಲ. ನಂಗೆ ನರದ ಕಾಯಿಲೆ. ಅವ್ರು ತರೋದು ನನ್ನ ಇಂಜೆಕ್ಷನ್ನು. ಮೇಡಂ, ತೆಗ್ದು ತೋರ್ಸಿ.”

ಭಾನು ಎದ್ದು ಪೆಟ್ಟಿಗೆ ತೆಗೆದಳು. ಐಸಿನ ನಡುವೆ ಸಣ್ಣದೊಂದು ಸಿರಿಂಜ್. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಇಷ್ಟೇನಾ ಎಂದು ಜನಕ್ಕೆ ನಿರಾಸೆಯಾಯಿತು. ದೇವೇಂದ್ರ ಬೇಗ ಸುಧಾರಿಸಿಕೊಂಡ. “ಅಯ್ಯಯ್ಯೋ, ಬಾಟ್ಲಿ ಬಿಟ್ಟು ಸೂಜಿಗೆ ಇಳಿದವ್ನೆ! ಕುಡುಕ್ರೆಲ್ಲ ಹಿಂಗೇ ಹೇಳೋದು, ನಂಗೆ ಕಾಯಿಲೆ, ನಂಗೆ ಕಾಯಿಲೆ ಅಂತ.”

ಒಬ್ಬರೂ ನಂಬಲಿಲ್ಲ. ಇಷ್ಟು ದಿನ ಮುಚ್ಚಿಟ್ಟ ಸತ್ಯವನ್ನು ಕೊನೆಗೂ ಹೇಳಿದರೆ ಅದನ್ನು ಕೊಳ್ಳುವವರೇ ಇಲ್ಲ. ಭಾನು ಕಾಯಿಲೆಯನ್ನು ವಿವರಿಸತೊಡಗಿದಳು, ಬಿಯರ್ ಮಾರುವವಳ ಮಾತು ಯಾರು ಕೇಳುತ್ತಾರೆ? ಆಗ ಹಿಂದೆ ಕೂತಿದ್ದ ಹನುಮಂತರಾಯಪ್ಪ ಎದ್ದು ಮುಂದೆ ಬಂದ. ಅಂದು ಅವನು ಕುಡಿದಿರಲಿಲ್ಲ. ಹಾಗಾಗಿ ಬಹಳ ದುಃಖದಲ್ಲಿದ್ದ.

“ಇವ್ನು ಕುಡ್ದಿಲ್ಲ ಕಣ್ರೋ. ಇವ್ನು ಕುಡಿದ ಅಂತೀರಲ್ಲ, ಅದನ್ನೆಲ್ಲಾ ಕುಡಿದೋನು ನಾನು. ಬಾರ್‌ನಾಗೆ ತನ್ನ ಗ್ಲಾಸು ನನ್ ಕಡೆ ತಳ್ಳೋನು. ಯಾಕಪ್ಪಾ ಅಂದ್ರೆ ಸುಮ್ನೆ ಕುಡಿ ಅನ್ನೋನು. ನಾನ್ಯಾಕೆ ಹೇಳ್ಲಿ? ಇವತ್ತು ಹೇಳ್ಬಿಟ್ಟೆ, ನಾಳೆಯಿಂದ ನಂಗೂ ಹೋಯ್ತು.” ಕಣ್ಣೊರೆಸಿಕೊಂಡು ಹೋಗಿ ಕೂತ.

ಊರು ಇದನ್ನು ನಂಬಿತು. ಹನುಮಂತರಾಯಪ್ಪ ತನಗೆ ನಷ್ಟವಾಗುವ ಸುಳ್ಳನ್ನು ಹೇಳುವವನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗುಂಪಿನ ನಡುವಿನಿಂದ ಮುನಿಲಕ್ಷ್ಮಮ್ಮ ಮಗನ ಹತ್ತಿರ ಬಂದಳು. ಆಕೆಗೆ ಸಂತೋಷವಾಗುತ್ತದೆ, ಮಗ ಕುಡುಕನಲ್ಲ ಎಂದು ತಬ್ಬಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಅವನ ಪಕ್ಕ ಮಣ್ಣಲ್ಲಿ ಕೂತಳು.

“ಕುಡುಕ ಆಗಿದ್ರೆ ಬಿಡಿಸ್ಬೋದಿತ್ತಲ್ಲೋ ಮಗ. ಇದನ್ನ ಹೆಂಗೋ ಬಿಡಿಸ್ಲಿ?”

ಭಾನು ಅವಳ ಪಕ್ಕ ಹೋಗಿ ಕೂತು, “ಬಿಡಿಸೋಕಾಗಲ್ಲಮ್ಮ. ಇಂಜೆಕ್ಷನ್ ಬೆಚ್ಚಗಾಗ್ತಿದೆ, ಬನ್ನಿ, ಹಾಕೋದು ನಿಮಗೆ ಹೇಳಿಕೊಡ್ತೀನಿ” ಎಂದಳು. ಡೈರಿಯ ಕೋಣೆಯಲ್ಲಿ, ಈ ಬಾರಿ ಬಾಗಿಲು ತೆಗೆದಿಟ್ಟು, ಮೊದಲು ಒಂದು ಬದನೆಕಾಯಿಗೆ ಖಾಲಿ ಸೂಜಿ ಚುಚ್ಚಿಸಿ ಅಭ್ಯಾಸ ಮಾಡಿಸಿದಳು. ಆಮೇಲೆ ಮಗನ ತೊಡೆಗೆ. ಮುನಿಲಕ್ಷ್ಮಮ್ಮ ಚುಚ್ಚುವಾಗ ಅಳುತ್ತಿದ್ದಳು, “ಅಲ್ಲಾಡ್ಬೇಡ್ವೋ ಮುಂಡೇದೇ” ಎಂದು ಬೈಯುತ್ತಲೂ ಇದ್ದಳು. ಕೈ ಮಾತ್ರ ಸರಿಯಾಗಿ ನಿಂತಿತ್ತು.

ಇತ್ತ ಅಪ್ಪಯ್ಯಣ್ಣ ಕಟ್ಟೆಯ ಮೇಲೆ ಬೆವರುತ್ತಾ ಕೂತಿದ್ದರು. ಮದುವೆ ಮುರಿಯಿತು ಎಂದೇ ಎಲ್ಲರೂ ಎಣಿಸಿದ್ದೆವು. ಅವರ ಚಿಂತೆ ಬೇರೆಯೇ ಇತ್ತು. ಭಾನು ಬೈರೇಶನ ಜೊತೆ ಬಂದ ಮೇಲೆ, ಕಾಯಿಲೆ ಹುಡುಗಿಗೆ ಬರುತ್ತದೆಯಾ ಎಂದು ಕೇಳಿ, ಅವಳು ಹೇಳಿದ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಂಡು, ತಲೆಯಾಡಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಅದೆಲ್ಲ ಸರಿ ಕಣಮ್ಮ. ಆದ್ರೆ ಹುಡುಗಿ ಅಣ್ಣ ಕುಡುಕ, ಆದ್ರೂ ನಾನು ಒಪ್ಕೊಂಡಿದ್ದೀನಿ ಅಂತ ನಲ್ಲೂರ್ ತುಂಬ ಹೇಳಿದ್ದೀನಿ. ಅಪ್ಪಯ್ಯಣ್ಣಂದು ಎಂಥ ದೊಡ್ಡ ಮನಸು ಅಂತ ಜನ ಕೈ ಮುಗೀತಾವ್ರೆ. ಈಗ ಹೋಗಿ ಅವ್ನು ಕುಡಿಯಾಕಿಲ್ಲ ಅಂದ್ರೆ ನನ್ ಮಾತಿಗೆ ಏನ್ ಬೆಲೆ? ಕಾಯಿಲೆ ಅಂದ್ರೆ ನಮ್ ನೆಂಟ್ರು ನೂರಾ ಎಂಟು ಕೇಳ್ತಾರೆ. ಮದ್ವೆ ಮುಗಿಯೋಗಂಟ ಅವ್ನು ಕುಡುಕನಾಗೇ ಇದ್ಬಿಡ್ಲಿ.”

ನವ್ಯಶ್ರೀ ಕಟ್ಟೆಯ ಪಕ್ಕಕ್ಕೆ ಬಂದು ನಿಂತಿದ್ದಳು. “ಧಾರೆ ಯಾರು ಎರೀತಾರೆ?” ಎಂದಳು. ಅಪ್ಪ ಇಲ್ಲದ ಮನೆಯಲ್ಲಿ ತಂಗಿಯನ್ನು ಧಾರೆ ಎರೆದು ಕೊಡಬೇಕಾದವನು ಅಣ್ಣ. ಕುಡುಕ ಧಾರೆ ಪಾತ್ರೆ ಮುಟ್ಟುವಂತಿಲ್ಲ. ನಿಮ್ಮ ಚಿಕ್ಕ‍ಪ್ಪ ಎರೆಯಲಿ ಎಂದರು ಅಪ್ಪಯ್ಯಣ್ಣ. “ನಮ್ಮಣ್ಣನೇ ಎರೀಬೇಕು” ಎಂದು ನವ್ಯಶ್ರೀ ಹೇಳುತ್ತಿರುವಾಗಲೇ ಬೈರೇಶ ಮಧ್ಯೆ ಬಾಯಿ ಹಾಕಿದ. “ಆಗ್ಲಿ ಮಾವ. ನಂಗೆ ಅಭ್ಯಾಸ ಆಗದೆ. ಇನ್ನೊಂದೆರಡು ತಿಂಗಳು ತಾನೇ.” ಅವನ ಮುಖ ನೋಡಲಾಗಲಿಲ್ಲ. ಭಾನು ದಾರಿಯಲ್ಲಿ ಆ ದೊಡ್ಡ ಮನಸ್ಸಿನ ಮನುಷ್ಯನನ್ನು ದೊಡ್ಡಬಳ್ಳಾಪುರ ಬರುವವರೆಗೂ ಬೈದಳು. “ಹಾಗಾದ್ರೆ ಬೇಡ ಅನ್ನೋಕೆ ಹೇಳು ಅವನಿಗೆ” ಎಂದೆ. “ಅವರ ಕಾಯಿಲೆ ರೀ. ಹೇಳೋದೂ ಬಿಡೋದೂ ಅವರದ್ದೇ” ಎಂದಳು. ಅವಳ ಈ ನಿಯಮಕ್ಕೆ ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಮದುವೆ ದೇವನಹಳ್ಳಿಯ ಒಂದು ಕಲ್ಯಾಣಮಂಟಪದಲ್ಲಿ. ಗುಟ್ಟು ಗೊತ್ತಿದ್ದ ಇಡೀ ಊರು ಬಸ್ಸು ಮಾಡಿಕೊಂಡು ಬಂದು, ಸಿಕ್ಕ ಸಿಕ್ಕ ನಲ್ಲೂರಿನವರ ಹತ್ತಿರ, “ನಮ್ ಬೈರೇಶ ಭಾರೀ ಕುಡುಕ, ಹೊಟ್ಟೆಯೆಲ್ಲಾ ಸುಟ್ಟೋಗದೆ” ಎಂದು ಪ್ರೀತಿಯಿಂದ ಪ್ರಚಾರ ಮಾಡಿತು. ಹನುಮಂತರಾಯಪ್ಪನಿಗೆ ಅಂದು ಕುಡಿಯಬಾರದೆಂದು ಕಟ್ಟಪ್ಪಣೆಯಾಗಿತ್ತು, ಒಂದು ಮದುವೆಗೆ ಒಬ್ಬ ಕುಡುಕ ಸಾಕು ಎಂದು. ಆದರೆ ಭಾನು ಬೆಳಿಗ್ಗೆಯೇ ಬೈರೇಶನ ರೇಷ್ಮೆ ಶರ್ಟಿನೊಳಗೆ, ಎದೆಗೂ ಬೆನ್ನಿಗೂ ಐಸ್ ಚೀಲಗಳನ್ನು ಕಟ್ಟಿಬಿಟ್ಟಿದ್ದಳು. ಮೈ ತಂಪಾಗಿ ಅವನು ಎಂದೂ ಇಲ್ಲದಷ್ಟು ನೆಟ್ಟಗೆ ನಡೆದಾಡತೊಡಗಿದ. ಅಪ್ಪಯ್ಯಣ್ಣ ಕಂಗಾಲಾದರು. ಅವನ ಪಕ್ಕಕ್ಕೆ ಹೋಗಿ, “ಒಸಿ ತೂರಾಡಪ್ಪ, ನಮ್ಮೋರೆಲ್ಲ ನೋಡ್ತಾವ್ರೆ” ಎಂದು ಕಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಬೈರೇಶ ಪಾಪ, ಬಾಳೆಕಂಬ ಹಿಡಿದುಕೊಂಡು ಸ್ವಲ್ಪ ವಾಲಿದ.

ಮುಹೂರ್ತ ಬಿಸಿಲು ಏರಿದ ಮೇಲಿತ್ತು. ವಿಡಿಯೋದವರ ದೀಪಗಳು, ಅಡುಗೆಮನೆಯ ಹಬೆ, ಜನರ ಉಸಿರು. ಐಸೆಲ್ಲ ಕರಗಿ ಬೈರೇಶನ ಶರ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನನ್ನು ಮೊದಲ ಸಾಲಿನಲ್ಲಿ ಕುರ್ಚಿಯಲ್ಲಿ ಕೂರಿಸಿದ್ದರು. ಒಂದು ಪಕ್ಕ ಭಾನು, ಇನ್ನೊಂದು ಪಕ್ಕ ಮುನಿಲಕ್ಷ್ಮಮ್ಮ. ಚಿಕ್ಕಪ್ಪ ಹಾಲಿನ ಪಾತ್ರೆ ಹಿಡಿದು ಮಂಟಪದಲ್ಲಿ ನಿಂತ. ಹುಡುಗನ ಅಂಗೈಯಲ್ಲಿ ನವ್ಯಶ್ರೀಯ ಅಂಗೈ, ಅದರ ಮೇಲೆ ತೆಂಗಿನಕಾಯಿ. ಅವಳು ಕೈಯನ್ನು ನೋಡುತ್ತಿರಲಿಲ್ಲ, ಅಣ್ಣನನ್ನು ನೋಡುತ್ತಿದ್ದಳು. ಹಿಂದಿನ ಸಾಲಿನಲ್ಲಿದ್ದ ನಲ್ಲೂರಿನ ಪಾಪಮ್ಮ ಎಂಬ ಮುದುಕಿ ಮುಂದಕ್ಕೆ ಬಗ್ಗಿ, ನಿಜವಾದ ಮರುಕದಿಂದಲೇ ಮುನಿಲಕ್ಷ್ಮಮ್ಮನ ಭುಜ ಸವರಿದಳು.

“ಏನ್ಮಾಡೋಕಾಯ್ತದವ್ವ. ಆ ಒಂದು ಚಟ ಇಲ್ದಿದ್ರೆ ನಿನ್ ಮಗನೇ ಎರೀಬೋದಿತ್ತು.”

ಮುನಿಲಕ್ಷ್ಮಮ್ಮ ಎದ್ದಳು. ನೇರ ಮಂಟಪಕ್ಕೆ ಹತ್ತಿ ಮೈದುನನ ಕೈಯಿಂದ ಪಾತ್ರೆ ಕಿತ್ತುಕೊಂಡಳು. ವಾಲಗದವರು ಗಾಬರಿಯಿಂದ ನಿಲ್ಲಿಸಿಬಿಟ್ಟರು.

“ನನ್ನ ಮಗ ಕುಡಿಯಾಕಿಲ್ಲ!” ಎಂದು ಕೂಗಿದಳು. “ಒಂದು ದಿನ್ವೂ ಕುಡ್ದೋನಲ್ಲ. ಅವ್ನಿಗೆ ಕಾಯಿಲೆ. ಎಂಎಸ್ಸು ಅಂತಾರೆ. ವಾಸಿ ಆಗಾಕಿಲ್ಲ. ವಾರ ವಾರ ನಾನೇ ಸೂಜಿ ಹಾಕ್ತೀನಿ. ತಂಗೀಗೆ ಗಂಡು ಸಿಗಲಿ ಅಂತ ನಿಮ್ಮೆಲ್ರ ಬಾಯಲ್ಲಿ ಕುಡುಕ ಅನ್ನಿಸ್ಕೊಂಡವ್ನೆ. ಲೇ ಬೈರೇಶ, ಬಾರೋ ಮ್ಯಾಲಕ್ಕೆ.”

ಛತ್ರವೆಲ್ಲ ಅಪ್ಪಯ್ಯಣ್ಣನತ್ತ ತಿರುಗಿತು. ಅವರು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೆಯ ಸಲ ಧ್ವನಿ ಬಂತು. “ನಂಗೆ ಮೊದ್ಲೇ ಗೊತ್ತಿತ್ತು! ಕಾಯಿಲೆ ಅಂತ ಗೊತ್ತಿದ್ದೂ ಒಪ್ಕೊಂಡಿದ್ದೀನಿ!” ನಲ್ಲೂರಿನವರು ಇನ್ನೊಮ್ಮೆ ಕೈ ಮುಗಿದರು. ಪಾಪಮ್ಮ ಮಾತ್ರ ಪೂರ್ತಿ ನಂಬದೆ, ಮೇಲೆ ಹೋಗುತ್ತಿದ್ದ ಬೈರೇಶನನ್ನು ನಿಲ್ಲಿಸಿ ಬಾಯಿ ಮೂಸಿ ನೋಡಿ ಬಿಟ್ಟಳು.

ಅವನ ಕಾಲು ಆಗಲೇ ಸೋತಿತ್ತು. ಭಾನು ಒಂದು ರಟ್ಟೆ, ನಾನು ಇನ್ನೊಂದು ರಟ್ಟೆ ಹಿಡಿದು ಮಂಟಪಕ್ಕೆ ಹತ್ತಿಸಿದೆವು. ತಾಯಿ ಪಾತ್ರೆಯನ್ನು ಅವನ ಕೈಗೆ ಕೊಟ್ಟು ಅಡಿಯಿಂದ ತನ್ನ ಕೈ ಕೊಟ್ಟಳು. ಪುರೋಹಿತರು ಮಂತ್ರ ಶುರುಮಾಡಿದರು. ಬೈರೇಶನ ಕೈ ನಡುಗಿತು. ಹಾಲು ಹುಡುಗನ ತೋಳಿಗೆ ಬಿತ್ತು, ಪುರೋಹಿತರ ಮಡಿಲಿಗೆ ಬಿತ್ತು, ತೆಂಗಿನಕಾಯಿಯ ಅತ್ತ ಇತ್ತ ಬಿತ್ತು. ನವ್ಯಶ್ರೀ ಅಳುತ್ತಾ, ಗಂಡನ ಕೈಯನ್ನೂ ಸೇರಿಸಿ ಹಿಡಿದುಕೊಂಡು, ಅಣ್ಣನ ಹಾಲು ಎಲ್ಲೆಲ್ಲಿ ಬೀಳುತ್ತಿತ್ತೋ ಅಲ್ಲಲ್ಲಿಗೆ ತನ್ನ ಅಂಗೈ ಒಯ್ದಳು.